ಬಾಟಲಿ ಮತ್ತು ಬೊಕ್ಕಸ: ಅಮೆರಿಕದ ಪಾನನಿಷೇಧದ ಕಥೆ

ಅಧ್ಯಕ್ಷರೇ, ಗೆಳೆಯರೇ,

ನನ್ನ ಕೈಯಲ್ಲಿರುವ ಈ ಕಾಗದ 1920ರ ದಶಕದ ಅಮೆರಿಕದ ಒಂದು ಔಷಧಿ ಚೀಟಿಯ ನಕಲು. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಆಮೇಲೆ ಕೈಯಿಂದ ಕೈಗೆ ದಾಟಿಸೋಣ. ಅಲ್ಲಿನ ಖಜಾನೆ ಇಲಾಖೆಯೇ ಅಚ್ಚು ಹಾಕಿಸಿ ವೈದ್ಯರಿಗೆ ಕೊಟ್ಟ ನಮೂನೆ ಇದು. ರೋಗಿಯ ಹೆಸರು, ದಿನಾಂಕ, ವೈದ್ಯರ ರುಜು, ಎಲ್ಲವೂ ಕ್ರಮವಾಗಿವೆ. ಔಷಧಿಯ ಹೆಸರು ಬರೆಯಬೇಕಾದ ಕಡೆ ಇರುವುದು ವಿಸ್ಕಿ. ಪ್ರಮಾಣ ಒಂದು ಪೈಂಟ್, ಅಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಒಬ್ಬ ರೋಗಿಗೆ ಹತ್ತು ದಿನಕ್ಕೆ ಅಷ್ಟೇ. ಚೀಟಿ ಬರೆದ ವೈದ್ಯರಿಗೆ ಮೂರು ಡಾಲರ್, ಔಷಧಿ ಅಂಗಡಿಯವನಿಗೆ ಮತ್ತೆ ಮೂರೋ ನಾಲ್ಕೋ. ಇಡೀ ದೇಶದಲ್ಲಿ ಮದ್ಯ ನಿಷೇಧವಾಗಿದ್ದ ಹೊತ್ತಿನಲ್ಲಿ, ಹಾಡಹಗಲೇ, ಕಾನೂನಿಗೆ ಎಲ್ಲೂ ಚ್ಯುತಿ ಬಾರದಂತೆ ನಡೆದ ವ್ಯಾಪಾರ ಇದು.

ಪಾನನಿಷೇಧ ಎಂದರೆ ಸಾಮಾನ್ಯವಾಗಿ ಷಿಕಾಗೋದ ಗೂಂಡಾಗಳು ನೆನಪಾಗುತ್ತಾರೆ. ಅವರ ಕಥೆಯನ್ನು ಸಿನಿಮಾದವರು ಬೇಕಾದಷ್ಟು ಹೇಳಿದ್ದಾರೆ. ನನಗೆ ಹೆಚ್ಚು ಕುತೂಹಲ ಇರುವುದು ಸರ್ಕಾರದ ಜಮಾ ಖರ್ಚಿನಲ್ಲಿ. ಆ ನಿಷೇಧವನ್ನು ತರಬೇಕೆಂದು ಅತ್ತವರು, ಹೋರಾಡಿದವರು ಲಕ್ಷಾಂತರ ಜನ. ಆದರೆ ಅದು ಒಳಗೆ ಬರಲು ಬಾಗಿಲು ತೆರೆದದ್ದೂ, ಹೊರಗೆ ಹೋಗುವಾಗ ಬೆನ್ನಿಗೆ ಕೈಯಿಟ್ಟು ದೂಡಿದ್ದೂ ಬೊಕ್ಕಸ.

ಮೊದಲು ಅತ್ತವರ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದ ಸಲೂನ್, ಅಂದರೆ ಅಲ್ಲಿನ ಹೆಂಡದಂಗಡಿ, ಬಹುಪಾಲು ಬಿಯರ್ ತಯಾರಕರ ಹಿಡಿತದಲ್ಲಿತ್ತು. ಮಧ್ಯಾಹ್ನ ಹೋದವರಿಗೆ ಊಟ ಪುಕ್ಕಟೆ. ಹ್ಯಾಮ್, ಉಪ್ಪಿನಲ್ಲಿಟ್ಟ ಮೀನು, ಚೀಸ್, ಎಲ್ಲಕ್ಕೂ ಉಪ್ಪು ಜಾಸ್ತಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆ ಅವರಿಗೆ ಗೊತ್ತಿತ್ತೋ ಇಲ್ಲವೋ, ವ್ಯಾಪಾರವಂತೂ ಅದರ ಮೇಲೆಯೇ ನಿಂತಿತ್ತು. ಶನಿವಾರದ ಕೂಲಿ ಮನೆ ತಲುಪುತ್ತಿರಲಿಲ್ಲ. ಮನೆಯಲ್ಲಿದ್ದ ಹೆಂಗಸಿಗೆ ಮತವಿಲ್ಲ, ಆಸ್ತಿಯ ಹಕ್ಕು ಅಷ್ಟಕ್ಕಷ್ಟೇ. 1873ರ ಚಳಿಗಾಲದಲ್ಲಿ ಒಹಾಯೋದ ಹಿಲ್ಸ್‌ಬರೊ ಎಂಬ ಸಣ್ಣ ಊರಿನಲ್ಲಿ ಹೆಂಗಸರು ಗುಂಪಾಗಿ ಸಲೂನಿನ ಬಾಗಿಲಿಗೆ ಹೋಗಿ ಮಂಡಿಯೂರಿ ಪ್ರಾರ್ಥನೆಗೆ ಕುಳಿತರು. ಒಳಗೆ ಬಿಡದಿದ್ದರೆ ಬೀದಿಯಲ್ಲೇ. ಕನ್ಸಾಸಿನ ಕ್ಯಾರಿ ನೇಷನ್ ಕಾಲಕ್ಕೆ ಪ್ರಾರ್ಥನೆಯ ಜೊತೆಗೆ ಕೈಗೊಡಲಿಯೂ ಬಂತು. ಆಕೆಯ ಮೊದಲ ಗಂಡ ವೈದ್ಯ, ಕುಡಿದೇ ಸತ್ತವನು. ಆರಡಿ ಎತ್ತರದ ಆ ಹೆಂಗಸು ಸಲೂನಿಗೆ ನುಗ್ಗಿ ಕನ್ನಡಿ, ಬಾಟಲಿಗಳನ್ನು ಪುಡಿಪುಡಿ ಮಾಡುತ್ತಿದ್ದಳು. ಕೋರ್ಟು ವಿಧಿಸಿದ ದಂಡ ಕಟ್ಟಲು ಪುಟ್ಟ ಕೊಡಲಿಯಾಕಾರದ ಪಿನ್ನುಗಳನ್ನು ಮಾರುತ್ತಿದ್ದಳು. ಈಕೆಯನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಸಾರಾಯಿ ಅಂಗಡಿ ಮುಚ್ಚಿಸಲು ಹೊರಟ ನಮ್ಮ ಹಳ್ಳಿಯ ಹೆಂಗಸರನ್ನು ನೋಡಿದವರು ಯಾರೂ ನಗಲಾರರು.

ಈ ಸಿಟ್ಟನ್ನು ಮತವಾಗಿ ಪರಿವರ್ತಿಸಿದವನು ವೇಯ್ನ್ ವ್ಹೀಲರ್, ಸಲೂನುಗಳನ್ನು ಮುಚ್ಚಿಸಲು ಹೋರಾಡುತ್ತಿದ್ದ ಆಂಟಿ ಸಲೂನ್ ಲೀಗ್ ಎಂಬ ಸಂಘಟನೆಯ ಚಾಣಾಕ್ಷ. ಅಭ್ಯರ್ಥಿ ಯಾವ ಪಕ್ಷದವನು, ಮನೆಯಲ್ಲಿ ಕುಡಿಯುತ್ತಾನೋ ಇಲ್ಲವೋ ಎಂಬುದು ಆತನಿಗೆ ಬೇಕಿರಲಿಲ್ಲ. ಸದನದಲ್ಲಿ ಮದ್ಯದ ವಿರುದ್ಧ ಕೈ ಎತ್ತುತ್ತಾನೋ ಇಲ್ಲವೋ, ಅದೊಂದೇ ಪ್ರಶ್ನೆ. ಎತ್ತದವನನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವುದು.

ಆದರೂ ಒಂದು ಅಡ್ಡಿ ಉಳಿದಿತ್ತು. ಕೇಂದ್ರ ಸರ್ಕಾರದ ವರಮಾನದಲ್ಲಿ ಮೂರನೇ ಒಂದರಷ್ಟು ಮದ್ಯದ ಸುಂಕದಿಂದಲೇ ಬರುತ್ತಿತ್ತು. ಹಾಲು ಕೊಡುವ ಹಸುವನ್ನು ಯಾರು ಹೊರಗಟ್ಟುತ್ತಾರೆ? 1913ರಲ್ಲಿ ಸಂವಿಧಾನದ 16ನೇ ತಿದ್ದುಪಡಿ ಜಾರಿಗೆ ಬಂದು ವರಮಾನ ತೆರಿಗೆಗೆ ದಾರಿಯಾಯಿತು. ಲೀಗು ದೇಶವ್ಯಾಪಿ ನಿಷೇಧಕ್ಕೆ ಪಟ್ಟು ಹಿಡಿದದ್ದೂ ಅದೇ ವರ್ಷ. ನಾಲ್ಕು ವರ್ಷದ ನಂತರ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿಯಿತು. ಬಿಯರ್ ತಯಾರಕರ ಹೆಸರುಗಳೋ ಪ್ಯಾಬ್ಸ್ಟ್, ಶ್ಲಿಟ್ಜ್, ಬ್ಲಾಟ್ಜ್, ಎಲ್ಲವೂ ಜರ್ಮನ್. ಬಿಯರ್ ಕುಡಿಯುವುದೇ ದೇಶದ್ರೋಹ ಎನ್ನುವಷ್ಟಕ್ಕೆ ಮಾತು ಬೆಳೆಯಿತು. 1919ರ ಜನವರಿ 16ರಂದು, ಬೇಕಿದ್ದ 36 ರಾಜ್ಯಗಳಲ್ಲಿ ಕೊನೆಯದಾಗಿ ನೆಬ್ರಾಸ್ಕಾ ಒಪ್ಪಿಗೆ ಕೊಡುವುದರೊಂದಿಗೆ ಪಾನನಿಷೇಧದ 18ನೇ ತಿದ್ದುಪಡಿ ಅಂಗೀಕಾರವಾಯಿತು. ಒಂದು ವರ್ಷದ ನಂತರ, 1920ರ ಜನವರಿ 17ರಿಂದ, ಜಾರಿ.

ಏನನ್ನು ನಿಷೇಧಿಸಿದರು ಎಂಬುದನ್ನು ಗಮನಿಸಬೇಕು. ತಯಾರಿಕೆ, ಮಾರಾಟ, ಸಾಗಣೆ, ಆಮದು, ರಫ್ತು. ಕುಡಿಯುವುದು ಅಪರಾಧವಾಗಲಿಲ್ಲ. ಜಾರಿಗೆಂದು ತಂದ ವೋಲ್‌ಸ್ಟೆಡ್ ಕಾಯ್ದೆ ನೂರಕ್ಕೆ 0.5 ಪಾಲು ಆಲ್ಕೋಹಾಲ್ ಇದ್ದರೂ ಅದು ಮದ್ಯವೇ ಎಂದಿತು. ಅದೇ ಕಾಯ್ದೆ ಪಾದ್ರಿಗೆ ಪೂಜೆಯ ವೈನ್, ರೋಗಿಗೆ ವಿಸ್ಕಿ, ಸಂಸಾರಕ್ಕೆ ವರ್ಷಕ್ಕೆ 200 ಗ್ಯಾಲನ್ ಹಣ್ಣಿನ ರಸ ಎಂದು ಬಾಗಿಲುಗಳನ್ನೂ ಬಿಟ್ಟಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರಿದರು. ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ತೋಟಗಳು ಒಣಗುತ್ತವೆ ಎಂದುಕೊಂಡಿದ್ದವರ ಕಣ್ಣೆದುರೇ ತೋಟಗಳು ವಿಸ್ತಾರವಾದವು. ರೈಲಿನಲ್ಲಿ ಷಿಕಾಗೋ, ನ್ಯೂಯಾರ್ಕ್ ಮುಟ್ಟುವವರೆಗೂ ಕೆಡದ ದಪ್ಪ ಸಿಪ್ಪೆಯ ಅಲಿಕಾಂಟೆ ತಳಿಗೆ ಎಲ್ಲಿಲ್ಲದ ಬೇಡಿಕೆ. ಒತ್ತಿ ಒಣಗಿಸಿದ ದ್ರಾಕ್ಷಿಯ ಇಟ್ಟಿಗೆಗಳೂ ಮಾರುಕಟ್ಟೆಗೆ ಬಂದವು. ನೀರಿನಲ್ಲಿ ಕರಗಿಸಿ ಇಷ್ಟು ದಿನ ಮುಚ್ಚಿಡಬೇಡಿ, ಇಟ್ಟರೆ ವೈನ್ ಆಗಿಬಿಡುತ್ತದೆ ಎಂಬ ಎಚ್ಚರಿಕೆಯೂ ಜೊತೆಗೇ. ಅಡುಗೆ ಹೇಳಿಕೊಡುವುದಕ್ಕೆ ಇದಕ್ಕಿಂತ ಸಭ್ಯವಾದ ದಾರಿ ನನಗೆ ತೋಚುವುದಿಲ್ಲ.

ಇದು ತಮಾಷೆಯ ಭಾಗ. ಮುಂದಿನದು ಹಾಗಲ್ಲ. ಬಣ್ಣ, ದ್ರಾವಣ ಮುಂತಾದವುಗಳಿಗೆ ಬೇಕಾಗುವ ಕೈಗಾರಿಕಾ ಆಲ್ಕೋಹಾಲಿಗೆ ಸರ್ಕಾರ 1906ರಲ್ಲೇ ಸುಂಕ ಬಿಟ್ಟಿತ್ತು. ಸುಂಕವಿಲ್ಲದ ಸರಕನ್ನು ಯಾರೂ ಕುಡಿಯಬಾರದೆಂದು ಅದಕ್ಕೆ ವಿಷ ಬೆರೆಸುವ ನಿಯಮವಿತ್ತು. ಅಂದರೆ ಆ ವಿಷ ಮೊದಲು ಬಿದ್ದದ್ದು ತೆರಿಗೆಯ ಕಾರಣಕ್ಕೆ. ನಿಷೇಧ ಬಂದ ಮೇಲೆ ಕಳ್ಳಬಟ್ಟಿಯವರು ಈ ಸರಕನ್ನು ಕದ್ದು, ರಸಾಯನಶಾಸ್ತ್ರಜ್ಞರನ್ನು ಸಂಬಳಕ್ಕಿಟ್ಟುಕೊಂಡು ವಿಷ ತೆಗೆಸತೊಡಗಿದರು. ಸರ್ಕಾರ ಮಿಥೈಲ್ ಆಲ್ಕೋಹಾಲಿನ ಪ್ರಮಾಣವನ್ನು ಹೆಚ್ಚಿಸಿತು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗುತ್ತದೆ, ಮೊದಲು ಕಣ್ಣು ಹೋಗುತ್ತದೆ. 1926ರ ಕ್ರಿಸ್‌ಮಸ್ ಸಮಯದಲ್ಲಿ ನ್ಯೂಯಾರ್ಕ್ ಒಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಗರದ ಶವಪರೀಕ್ಷಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ನಾರಿಸ್, ಜನ ಕುಡಿಯುತ್ತಾರೆಂದು ತಿಳಿದೂ ವಿಷ ಬೆರೆಸುತ್ತಿರುವ ಸರ್ಕಾರವೇ ಈ ಸಾವುಗಳಿಗೆ ನೈತಿಕವಾಗಿ ಹೊಣೆ ಎಂದು ಬಹಿರಂಗವಾಗಿ ಹೇಳಿದ. ಸತ್ತವರಲ್ಲಿ ಬಡವರೇ ಹೆಚ್ಚು. ಉಳ್ಳವರಿಗೆ ಕೆನಡಾದ ಒಳ್ಳೆಯ ವಿಸ್ಕಿ ಸಿಗುತ್ತಿತ್ತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಮಿಥೈಲ್ ಆಲ್ಕೋಹಾಲ್. ಈ ಸಭೆಯಲ್ಲಿರುವ ಹಿರಿಯರಿಗೆ ಆ ದಿನಗಳು ನೆನಪಿರಬಹುದು.

ಷಿಕಾಗೋದ ಗೂಂಡಾಗಳ ನಾಯಕ ಅಲ್ ಕಪೋನ್ ಬಗ್ಗೆ ಒಂದೇ ಮಾತು. ಅವನನ್ನು ಜೈಲಿಗೆ ಹಾಕಿದ್ದು ಕೊಲೆಗಾಗಿ ಅಲ್ಲ, ಹೆಂಡಕ್ಕಾಗಿಯೂ ಅಲ್ಲ. 1931ರಲ್ಲಿ ಅವನಿಗೆ ಹನ್ನೊಂದು ವರ್ಷ ಶಿಕ್ಷೆಯಾದದ್ದು ವರಮಾನ ತೆರಿಗೆ ಕಟ್ಟದ್ದಕ್ಕೆ.

ನಿಷೇಧದಿಂದ ಕುಡಿತ ತಗ್ಗಲೇ ಇಲ್ಲ ಎನ್ನುವವರಿದ್ದಾರೆ. ಅದು ಸರಿಯಲ್ಲ. ಮೊದಲ ವರ್ಷಗಳಲ್ಲಿ ಅದು ಹಿಂದಿನ ಪ್ರಮಾಣದ ಮೂರನೇ ಒಂದಕ್ಕೆ ಇಳಿದಿತ್ತೆಂದು ಅರ್ಥಶಾಸ್ತ್ರಜ್ಞರ ಅಂದಾಜು. ಯಕೃತ್ತಿನ ಕಾಯಿಲೆಯ ಸಾವುಗಳೂ ಕಡಿಮೆಯಿದ್ದವು. ಆಮೇಲೆ ಕುಡಿತ ಮೆಲ್ಲಗೆ ಹಿಂದಿನ ಮಟ್ಟದ 60, 70 ಪ್ರತಿಶತಕ್ಕೆ ಏರಿತು. ಬದುಕಿಕೊಂಡ ಮನೆಗಳ ಲೆಕ್ಕವನ್ನು ಬಿಟ್ಟು ಬರೀ ಸತ್ತವರ ಲೆಕ್ಕ ಹೇಳಿದರೆ ಇತಿಹಾಸಕ್ಕೆ ಮೋಸ ಮಾಡಿದಂತೆ.

1930ರಲ್ಲೂ ಈ ತಿದ್ದುಪಡಿ ಕದಲುವಂತೆ ಕಾಣುತ್ತಿರಲಿಲ್ಲ. ಅದನ್ನು ರಚಿಸಿದ ಟೆಕ್ಸಾಸಿನ ಸೆನೆಟರ್ ಮಾರಿಸ್ ಶೆಪರ್ಡ್, ವಾಷಿಂಗ್ಟನ್ ಸ್ಮಾರಕವನ್ನು ಬಾಲಕ್ಕೆ ಕಟ್ಟಿಕೊಂಡು ಝೇಂಕಾರದ ಹಕ್ಕಿಯೊಂದು ಮಂಗಳ ಗ್ರಹಕ್ಕೆ ಹಾರಿದರೆ ಮಾತ್ರ ಇದು ರದ್ದಾದೀತು ಎಂಬ ಅರ್ಥದ ಮಾತಾಡಿದ್ದರು. ಮೂರು ವರ್ಷದಲ್ಲಿ ಹಕ್ಕಿ ಹಾರಿತು. ಹೆಂಗಸರು ತಂದ ಕಾನೂನನ್ನು ಕೆಳಗಿಳಿಸಲೂ ಹೆಂಗಸರೇ ಮುಂದೆ ನಿಂತರು. ಮಕ್ಕಳಿಗೆ ಒಳ್ಳೆಯದಾಗಲೆಂದು ನಿಷೇಧವನ್ನು ಬೆಂಬಲಿಸಿದ್ದ ಪಾಲಿನ್ ಸೇಬಿನ್, ಕಾನೂನನ್ನೇ ಲೆಕ್ಕಿಸದ ಊರಿನಲ್ಲಿ ಮಕ್ಕಳು ಬೆಳೆಯುತ್ತಿರುವುದನ್ನು ಕಂಡು 1929ರಲ್ಲಿ ರದ್ದತಿಗಾಗಿ ಮಹಿಳಾ ಸಂಘಟನೆ ಕಟ್ಟಿದರು. ಪಿಯೆರ್ ಡುಪಾಂಟ್‌ನಂಥ ಸಿರಿವಂತರೂ ರದ್ದತಿಯ ಪರ ನಿಂತರು. ಮದ್ಯದ ಸುಂಕ ಮರಳಿದರೆ ತಮ್ಮ ವರಮಾನ ತೆರಿಗೆ ಇಳಿದೀತು ಎಂಬ ಆಸೆ ಅವರದು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು. 1930ರಿಂದ 1933ರೊಳಗೆ ವರಮಾನ ತೆರಿಗೆಯ ವಸೂಲಿ ಸುಮಾರು ಮೂರನೇ ಒಂದಕ್ಕೆ ಕುಸಿಯಿತು. ಹೊರಗಟ್ಟಿದ ಹಸು ಈಗ ನೆನಪಾಯಿತು.

ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ತಿಂಗಳಲ್ಲೇ ನೂರಕ್ಕೆ 3.2 ಪಾಲು ಆಲ್ಕೋಹಾಲಿನ ಬಿಯರಿಗೆ ಒಪ್ಪಿಗೆ, ಜೊತೆಗೇ ಸುಂಕ. 1933ರ ಏಪ್ರಿಲ್ 7ರ ಮಧ್ಯರಾತ್ರಿ ಮಿಲ್ವಾಕೀ ನಗರದಲ್ಲಿ ಬಿಯರ್ ತುಂಬಿದ ಲಾರಿಗಳು ಹೊರಟವು. ಅದೇ ಡಿಸೆಂಬರ್ 5ರಂದು ಯೂಟಾ 36ನೇ ರಾಜ್ಯವಾಗಿ ಒಪ್ಪಿ, ನಿಷೇಧವನ್ನು ರದ್ದು ಮಾಡುವ 21ನೇ ತಿದ್ದುಪಡಿ ಜಾರಿಯಾಯಿತು. ಶಾಸನಸಭೆಗಳನ್ನು ನೆಚ್ಚದೆ, ಜನ ಆರಿಸಿದ ವಿಶೇಷ ಸಮಾವೇಶಗಳ ಮೂಲಕ ಅಂಗೀಕಾರವಾದ ತಿದ್ದುಪಡಿ ಅಲ್ಲಿ ಅದೊಂದೇ.

ಬೇಕು, ಬೇಡ ಎಂಬ ತೀರ್ಮಾನ ರಾಜ್ಯಗಳ ಪಾಲಿಗೆ ಹೋಯಿತು. ಮಿಸಿಸಿಪ್ಪಿ ಮಾತ್ರ 1966ರವರೆಗೂ ನಿಷೇಧವನ್ನು ಬಿಡಲಿಲ್ಲ. ಆ ರಾಜ್ಯ 1944ರಲ್ಲಿ ಒಂದು ಹೊಸ ತೆರಿಗೆ ಹಾಕಿತು, ಕಾಳಸಂತೆಯ ಸರಕಿನ ಮೇಲೆ. ತಾನೇ ನಿಷೇಧಿಸಿದ್ದ ವಿಸ್ಕಿಯನ್ನು ಕದ್ದು ಮಾರುವವರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಯಮಿತವಾಗಿ ವಸೂಲಿ ಮಾಡಿ ಜಮಾ ಬರೆದುಕೊಂಡಿತು.