ಶಿವಮೊಗ್ಗ–ಬೆಂಗಳೂರು ವಿಮಾನ: ಹಾರೋದು ಅರ್ಧ ಗಂಟೆ, ಟಿಕೆಟ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಯಾಕೆ?

[ದೃಶ್ಯ: ಸೋಗಾನೆ ನಿಲ್ದಾಣದ ಕಮಲದಾಕಾರದ ಟರ್ಮಿನಲ್]

ನಮಸ್ಕಾರ. ಇದು ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳೀತು. ಇಲ್ಲಿಂದ ದೇವನಹಳ್ಳಿಗೆ ನೇರ ಎಷ್ಟು ದೂರ? ಆ್ಯಪ್ ಬೇಡ, ಹೈಸ್ಕೂಲ್ ಗಣಿತ ಸಾಕು.

[ದೃಶ್ಯ: ಕರ್ನಾಟಕದ ನಕಾಶೆ, ಎರಡು ಚುಕ್ಕಿ, ಲಂಬಕೋನ ತ್ರಿಭುಜ]

ಎರಡೂ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ ಸುಮಾರು 0.66 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ., ಅಂದ್ರೆ 73 ಕಿ.ಮೀ. ರೇಖಾಂಶದ ವ್ಯತ್ಯಾಸ 2.1 ಡಿಗ್ರಿ. ಧ್ರುವದ ಕಡೆ ಹೋದ ಹಾಗೆ ರೇಖಾಂಶಗಳು ಹತ್ತಿರ ಆಗ್ತವೆ, ಹಾಗಾಗಿ ನಮ್ಮ ಸೀಮೆಯಲ್ಲಿ ಡಿಗ್ರಿಗೆ 108 ಕಿ.ಮೀ. ಲೆಕ್ಕ: 227. ಪೈಥಾಗೊರಸ್ ಹಾಕಿ, ಉತ್ತರ 238 ಕಿ.ಮೀ. ಭೂಮಿ ಗುಂಡಗಿದ್ರೂ ಇಷ್ಟು ಸಣ್ಣ ದೂರಕ್ಕೆ ಈ ಲೆಕ್ಕ ಧಾರಾಳವಾಗಿ ನಡೆಯುತ್ತೆ. ದುಬೈಗೆ ಹಾಕೋಕೆ ಹೋಗ್ಬೇಡಿ.

ಈ ಗೆರೆ ಹೆಚ್ಚುಕಮ್ಮಿ ಹುಳಿಯಾರಿನ ಮೇಲೇ ಹಾದುಹೋಗುತ್ತೆ. ರಸ್ತೆ ಮಾತ್ರ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಅಂತ ಸುತ್ತಿ 300 ದಾಟುತ್ತೆ.

[ದೃಶ್ಯ: ರೆಕ್ಕೆಯ ಪ್ರೊಪೆಲ್ಲರ್, ಹತ್ತಿರದಿಂದ]

ಆ ಮೊದಲ ದಿನ ಬಂದಿದ್ದು ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ. ಮೇಲೇರಿದ ಮೇಲೆ ಗಂಟೆಗೆ 500 ಕಿ.ಮೀ. ಆಸುಪಾಸು ವೇಗ. ಭಾಗಿಸಿದ್ರೆ ಅರ್ಧ ಗಂಟೆಯೂ ಇಲ್ಲ! ಆದ್ರೆ ಟಿಕೆಟ್‌ನಲ್ಲಿರೋದು ಹಾರೋ ಸಮಯ ಅಲ್ಲ ಮಾರಾಯ್ರೇ. ನಿಂತ ಜಾಗ ಬಿಟ್ಟಾಗಿನಿಂದ ಆ ಕಡೆ ಹೋಗಿ ನಿಲ್ಲೋವರೆಗಿನ ಸಮಯ. ಬೆಂಗಳೂರಲ್ಲಿ ರನ್‌ವೇ ತಲುಪೋಕೇ ಹತ್ತು-ಹದಿನೈದು ನಿಮಿಷ ಹೋಗಬಹುದು. ಅಲ್ಲಿನ ರನ್‌ವೇಗಳು ಪೂರ್ವ-ಪಶ್ಚಿಮಕ್ಕಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮುಂಗಾರಿನ ಪಡುವಣ ಗಾಳಿ ಇದ್ರೆ ಸೀದಾ ಶಿವಮೊಗ್ಗದ ದಿಕ್ಕಿಗೇ ಏರುತ್ತೆ. ಚಳಿಗಾಲದ ಮೂಡಣ ಗಾಳಿಯಾದ್ರೆ ಹೊಸಕೋಟೆ ಕಡೆ ಏರಿ, ತಿರುಗಿ ಬರಬೇಕು. ಏರೋವಾಗ, ಇಳಿಯೋವಾಗ ಪೂರ್ತಿ ವೇಗವೂ ಇರಲ್ಲ. ದಾರಿಯಲ್ಲಿ ಗಂಟೆಗೆ 40 ಕಿ.ಮೀ. ಎದುರುಗಾಳಿ ಸಿಕ್ಕಿದ್ರೂ ತಡ ಆಗೋದು ಎರಡು-ಮೂರು ನಿಮಿಷ. ಸಮಯ ತಿನ್ನೋದು ನೆಲ.

[ದೃಶ್ಯ: ಶಿವಮೊಗ್ಗ ರೈಲು ನಿಲ್ದಾಣ, ಜನಶತಾಬ್ದಿ]

ಈಗ ಮನೆ ಲೆಕ್ಕ. ಊರಿನಿಂದ ಸೋಗಾನೆಗೆ ಅರ್ಧ ಗಂಟೆ, ಅಲ್ಲಿ ಕಾಯೋದು ಒಂದು ಗಂಟೆ, ವಿಮಾನ ಒಂದೂಕಾಲು, ಹೊರಬರೋಕೆ ಕಾಲು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂಕಾಲು. ನಾಲ್ಕೂಕಾಲು ಗಂಟೆ ಆಯ್ತು. ಜನಶತಾಬ್ದಿ ಸುಮಾರು ನಾಲ್ಕೂವರೆ ಗಂಟೆಗೆ ನಗರದೊಳಗೇ ಇಳಿಸುತ್ತೆ. ಮೆಜೆಸ್ಟಿಕ್‌ನಲ್ಲಿ ಕೆಲಸ ಇದ್ರೆ ನಾನು ರೈಲೇ ಹತ್ತೋದು. ಯಲಹಂಕದಲ್ಲಿ ಕೆಲಸ ಇದ್ರೆ ವಿಮಾನ.

ಹೈದರಾಬಾದ್ ವಿಷಯ ಬೇರೆ. 2023ರ ನವೆಂಬರ್‌ನಲ್ಲಿ ಸೋಗಾನೆಯಿಂದ ಅಲ್ಲಿಗೂ ವಿಮಾನ ಶುರುವಾಯ್ತು. ನೇರ ದೂರ ಸುಮಾರು 480 ಕಿ.ಮೀ., ದುಪ್ಪಟ್ಟು. ನೆಲದ ಮೇಲೆ ಕಳೆಯೋ ಹೊತ್ತು ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಬಸ್ಸಲ್ಲಾದ್ರೆ ರಾತ್ರಿಯಿಡೀ ಪ್ರಯಾಣ. ಅಲ್ಲಿಗೆ ವಿಮಾನದ ದುಡ್ಡು ದಂಡ ಅಲ್ಲ.

ಸಾಗರದವರು ಈ ಲೆಕ್ಕಕ್ಕೆ ಶಿವಮೊಗ್ಗದವರೆಗಿನ 70 ಚಿಲ್ಲರೆ ಕಿ.ಮೀ. ರಸ್ತೆಯನ್ನೂ ಸೇರಿಸ್ಕೊಳ್ಳಿ. ಮಳೆಗಾಲ ಆದ್ರೆ ಇನ್ನರ್ಧ ಗಂಟೆ ಜಾಸ್ತಿಯೇ ಇಟ್ಕೊಳ್ಳಿ.