ದೂರು ಅದೇ ಠಾಣೆಗೆ ವಾಪಸ್ ಬಂದರೆ

ಕೇಳುಗರಿಗೆ ನಮಸ್ಕಾರ.

ಪೊಲೀಸರ ಮೇಲೆ ದೂರು ಕೊಡೋಣ ಅಂದರೆ ಹಳ್ಳಿಯ ಜನ ಮೊದಲು ಕೇಳುವುದು, "ಅದೂ ಕೊನೆಗೆ ಸ್ಟೇಷನ್‌ಗೇ ಬರುತ್ತೆ ಅಲ್ವಾ ಸಾರ್?" ಅಂತ. ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನಂಥವರಿಗೆ ಇದಕ್ಕೆ 'ಇಲ್ಲ' ಅನ್ನೋದಕ್ಕೆ ಬಾಯಿ ಬರುವುದಿಲ್ಲ. ಬರುತ್ತೆ. ಬಹಳ ಸಲ ಬರುತ್ತೆ.

ನನ್ನ ಕಕ್ಷಿದಾರರೊಬ್ಬರು ವಯಸ್ಸಾದ ರೈತರು. ಹೊಲದ ಬದುವಿನ ಜಗಳ. ಠಾಣೆಗೆ ಕರೆಸಿ, ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿ, ಕೆನ್ನೆಗೆ ಎರಡು ಬಾರಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದರು. ನಾವು ಬೆಂಗಳೂರಿಗೆ ದೂರು ಬರೆದೆವು. ಕೆಲವು ತಿಂಗಳು ಸುದ್ದಿಯಿಲ್ಲ. ಆಮೇಲೊಂದು ಬೆಳಿಗ್ಗೆ ಅದೇ ಠಾಣೆಯ ದಫೇದಾರರು ಅವರ ಮನೆ ಮುಂದೆ ಬೈಕ್ ನಿಲ್ಲಿಸಿದರು. ಕೈಯಲ್ಲಿ ನಾವು ಬರೆದ ದೂರಿನದೇ ಜೆರಾಕ್ಸ್. ಮೇಲ್ಗಡೆ ಒಂದರ ಪಕ್ಕ ಒಂದು ಸೀಲು, ಅಂಚಿನಲ್ಲಿ 'ವಿಚಾರಣೆ ಮಾಡಿ ವರದಿ ಸಲ್ಲಿಸಿ' ಅಂತ ಬೇರೆ ಬೇರೆ ಕೈಬರಹ. "ಏನ್ ಯಜಮಾನ್ರೇ ಇದು? ಸಾಹೇಬ್ರು ಬೇಜಾರು ಮಾಡ್ಕೊಂಡಿದ್ದಾರೆ. ಮುಂದೆ ವಿಚಾರಣೆ ಬೇಡ ಅಂತ ಒಂದು ಸಹಿ ಹಾಕಿ, ಮುಗಿಸಿಬಿಡೋಣ." ಒಳಗಿಂದ ಕಾಫಿ ಬಂತು. ಯಜಮಾನರು ಸಹಿ ಹಾಕಿದರು.

ಇದರಲ್ಲಿ ಯಾರೂ ಕದ್ದುಮುಚ್ಚಿ ಏನೂ ಮಾಡಲಿಲ್ಲ. ಕಾಗದ ಬೆಂಗಳೂರಿನಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ಡಿವೈಎಸ್‌ಪಿಗೆ, ಅಲ್ಲಿಂದ ಸರ್ಕಲ್‌ಗೆ, ಕೊನೆಗೆ ಠಾಣೆಗೆ ಇಳಿದು ಬಂತು. ಪ್ರತಿ ಮೇಜಿನ ಮೇಲೂ ರೂಢಿ ಪ್ರಕಾರವೇ ಕೆಲಸ ಆಯಿತು. ಹೊಡೆದವರೇ ವರದಿ ಬರೆದರು, ಅಷ್ಟೇ.

ಅಂದಹಾಗೆ, 60 ವರ್ಷ ದಾಟಿದವರನ್ನು, 15ರ ಒಳಗಿನ ಹುಡುಗರನ್ನು, ಹೆಂಗಸರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವ ಹಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಹಳೆಯ ಕಾನೂನಿನಲ್ಲೂ ಹೀಗೇ ಇತ್ತು, ಹಿರಿಯರ ವಯಸ್ಸು ಮಾತ್ರ 65 ಅಂತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 60 ಆಗಿದೆ.

ಪೊಲೀಸರ ಮೇಲಿನ ದೂರನ್ನು ಪೊಲೀಸರಲ್ಲದವರು ಕೇಳಬೇಕು ಅನ್ನುವುದು ಹೊಸ ಮಾತೇನಲ್ಲ. ಡಿಜಿಪಿಯಾಗಿ ನಿವೃತ್ತರಾದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದು ಕೋರ್ಟ್ ಹೇಳಿತು. ಎಸ್‌ಪಿ ಮತ್ತು ಅವರಿಗಿಂತ ಮೇಲಿನವರ ಮೇಲಿನ ದೂರು ರಾಜ್ಯಕ್ಕೆ. ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನದು ಜಿಲ್ಲೆಗೆ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಬೇಕು. ಅದರ ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು.

ಆ ತೀರ್ಪಿನಲ್ಲಿ ನನಗೆ ಇಷ್ಟವಾದ ಒಂದು ಸಾಲಿದೆ. ಕಸ್ಟಡಿ ಸಾವು, ಅತ್ಯಾಚಾರ, ತೀವ್ರ ಗಾಯದಂಥವು ಎರಡು ಕಡೆಯೂ ಬರುತ್ತವೆ. ಜಿಲ್ಲೆಗೆ ಅದರ ಜೊತೆಗೆ ಸುಲಿಗೆ, ಜಮೀನು ಅಥವಾ ಮನೆ ಕಬಳಿಕೆ, ಅಧಿಕಾರದ ದುರ್ಬಳಕೆ ಇವನ್ನೂ ಕೊಟ್ಟರು. ಹಳ್ಳಿಯಲ್ಲಿ ಠಾಣೆಯ ತಕರಾರು ಹುಟ್ಟುವುದೇ ಜಮೀನಿನಿಂದ ತಾನೇ? ಹಾಗಾಗಿ ನಮಗೆ ಬೇಕಾದ ಬಾಗಿಲು ಜಿಲ್ಲೆಯದು. ಬೆಂಗಳೂರಿನದಲ್ಲ.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು. ಎರಡೂ ಪ್ರಾಧಿಕಾರಗಳು ಕಾಗದದ ಮೇಲೆ ಬಂದವು. ಆದರೆ ಜಿಲ್ಲೆಯಲ್ಲಿ ನಿವೃತ್ತ ನ್ಯಾಯಾಧೀಶರ ಕುರ್ಚಿಯಲ್ಲಿ ಹಾಲಿ ಅಧಿಕಾರಿಗಳು ಕೂತರು. ಅಧ್ಯಕ್ಷರು ಕಂದಾಯ ಆಡಳಿತದವರು, ಜೊತೆಗೆ ಪೊಲೀಸ್ ಇಲಾಖೆಯವರು. ಪೊಲೀಸರ ಮೇಲಿನ ದೂರಿಗೆ ಪೊಲೀಸರೂ ಪಂಚರು! ಅವರು ಒಳ್ಳೆಯವರೇ ಇರಬಹುದು. ಆದರೆ ಬಂದೋಬಸ್ತ್, ಚುನಾವಣೆ, ಮಂತ್ರಿಗಳ ಪ್ರವಾಸ ಎಂದು ದಿನಾ ಒಟ್ಟಿಗೆ ಓಡಾಡುವವರು ಇವರು. ವಾರಕ್ಕೊಮ್ಮೆ ಒಬ್ಬರ ಮೇಲೊಬ್ಬರು ತೀರ್ಪು ಹೇಳಿ ಅಂದರೆ ಹೇಗೆ? ಪಕ್ಕದ ಕೇರಳದ 2011ರ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೂ ನಿವೃತ್ತ ನ್ಯಾಯಾಧೀಶರೇ ಅಧ್ಯಕ್ಷರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಇನ್ನು ದೂರದ ಮಾತು. ಬೀದರ್ ಜಿಲ್ಲೆಯ ಔರಾದ್‌ನಿಂದ ಬೆಂಗಳೂರಿಗೆ 700 ಕಿಲೋಮೀಟರಿಗೂ ಜಾಸ್ತಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ವಿಚಾರಣೆಗೆ ಹೋಗಿಬರಲು ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ರಾತ್ರಿ ಬಸ್‌ ಸ್ಟ್ಯಾಂಡಿನಲ್ಲಿ ಮಲಗಿ ಏಳಬೇಕು. ಎದುರಿಗಿನವರು ಸರ್ಕಾರಿ ಖರ್ಚಿನಲ್ಲಿ ಬರುತ್ತಾರೆ. ಎರಡನೇ ಮುದ್ದತಿಗೆ ದೂರುದಾರ ಬರದಿದ್ದರೆ 'ಆಸಕ್ತಿಯಿಲ್ಲ' ಅಂತ ಬರೆದು ಫೈಲು ಮುಚ್ಚುವುದು ಸುಲಭ.

ಇದಕ್ಕೆ ದಾರಿ ನಮ್ಮ ಕಣ್ಣೆದುರೇ ಇದೆ. ಲೋಕಾಯುಕ್ತದವರು ತಾಲ್ಲೂಕುಗಳಿಗೆ ಬಂದು ಅಹವಾಲು ಕೇಳುವುದನ್ನು ನೀವು ನೋಡಿದ್ದೀರಿ. ಇಂಥ ದಿನ, ಪ್ರವಾಸಿ ಮಂದಿರದಲ್ಲಿ ಅಂತ ಪೇಪರಿನಲ್ಲಿ ಹಾಕುತ್ತಾರೆ. ಜನ ಅರ್ಜಿ ಹಿಡಿದು ಬರುತ್ತಾರೆ. ಪೊಲೀಸ್ ದೂರು ಪ್ರಾಧಿಕಾರವೂ ಹೀಗೇ ಬರಲಿ. ಸಂತೆಯ ದಿನ ಬಂದರೆ ಇನ್ನೂ ಒಳ್ಳೆಯದು, ಹೇಗೂ ಸುತ್ತಲಿನ ಹಳ್ಳಿಯವರೆಲ್ಲ ಊರಿಗೆ ಬಂದಿರುತ್ತಾರೆ. ಆದರೆ ದಯವಿಟ್ಟು ಠಾಣೆಯ ಪಕ್ಕದ ಕಟ್ಟಡ ಬೇಡ. ಯಾರು ಒಳಗೆ ಹೋದರು ಅನ್ನುವುದು ಕಿಟಕಿಯಿಂದ ಕಾಣುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರು ಇರಲಿ. ಬರೆದದ್ದನ್ನು ಓದಿ ಹೇಳಲಿ, ನಂಬರು ಹಾಕಿದ ರಸೀದಿ ಕೊಡಲಿ.

ಆ ಮೇಲೆ ತನಿಖೆ. ಇದೇ ಗಂಟು ಇರುವ ಜಾಗ. ಪ್ರಾಧಿಕಾರಕ್ಕೆ ಸ್ವಂತ ತನಿಖಾಧಿಕಾರಿ ಇಲ್ಲದಿದ್ದರೆ ಅದು ಬರೀ ಅಂಚೆ ಪೆಟ್ಟಿಗೆ. 2006ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇದಕ್ಕೂ ದಾರಿ ತೋರಿಸಿತ್ತು: ಸ್ಥಳಕ್ಕೆ ಹೋಗಿ ವಿಚಾರಿಸಲು ಪ್ರಾಧಿಕಾರಕ್ಕೆ ಸಿಬ್ಬಂದಿ ಬೇಕಾಗುತ್ತದೆ, ಸಿಐಡಿ, ಗುಪ್ತಚರ, ವಿಜಿಲೆನ್ಸ್‌ನಂಥ ಕಡೆ ಕೆಲಸ ಮಾಡಿ ನಿವೃತ್ತರಾದವರನ್ನು ಬಳಸಿಕೊಳ್ಳಿ ಅಂತ. ಪಿಂಚಣಿ ತೆಗೆದುಕೊಂಡು ಮನೆಯಲ್ಲಿರುವ ಒಳ್ಳೆಯ ತನಿಖಾಧಿಕಾರಿಗಳು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ. ಅವರಿಗೆ ಸ್ಟೇಷನ್ ಡೈರಿ ಓದಲು ಬರುತ್ತದೆ. ಯಾವ ಪುಟ ಆಮೇಲೆ ಬರೆದದ್ದು ಅನ್ನುವುದೂ ಗೊತ್ತಾಗುತ್ತದೆ.

ದೂರು ಕೊಟ್ಟ ಮೇಲಿನ ದಿನಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಗರದಲ್ಲಿ ದೂರು ಕೊಟ್ಟವನು ಜನರ ನಡುವೆ ಕಳೆದುಹೋಗಬಹುದು. ಹಳ್ಳಿಯಲ್ಲಿ ಆಗದು. ಜಾತ್ರೆಯ ಬಂದೋಬಸ್ತಿಗೂ, ಮಗನ ಪಾಸ್‌ಪೋರ್ಟ್ ವಿಚಾರಣೆಗೂ, ಕಳುವಾದ ಪಂಪ್‌ಸೆಟ್ಟಿಗೂ ಅದೇ ಠಾಣೆ. "107 ಹಾಕ್ತೀವಿ ನೋಡು" ಅನ್ನುವ ಮಾತು ಕೇಳದವರು ಕಡಿಮೆ. ಶಾಂತಿ ಕದಡಬಹುದು ಅಂತ ತಹಶೀಲ್ದಾರರ ಮುಂದೆ ನಿಲ್ಲಿಸಿ ಬಾಂಡ್ ಬರೆಸಿಕೊಳ್ಳುವ ಕ್ರಮ ಅದು. ಹೊಸ ಕಾನೂನಿನಲ್ಲಿ ಅದು 126ನೇ ಸೆಕ್ಷನ್, ಬಾಯಲ್ಲಿ ಮಾತ್ರ ಈಗಲೂ 107. ಅದಕ್ಕಿಂತ ದೊಡ್ಡ ಬೆದರಿಕೆ ರೌಡಿ ಶೀಟ್. ಹಾಗಾಗಿ ನನ್ನ ಒತ್ತಾಯ ಇಷ್ಟು: ಯಾರಾದರೂ ಠಾಣೆಯ ಮೇಲೆ ದೂರು ಕೊಟ್ಟರೆ, ಆ ದಿನದಿಂದ ಒಂದು ವರ್ಷ ಆ ಮನೆಯವರ ಮೇಲೆ ಅದೇ ಠಾಣೆ ಹಾಕುವ ಪ್ರತಿಯೊಂದು ಕೇಸಿನ ನಕಲು ಪ್ರಾಧಿಕಾರಕ್ಕೆ ತಾನಾಗಿಯೇ ಹೋಗಲಿ. ಕೇಸು ಹಾಕಬೇಡಿ ಅಂತಲ್ಲ. ಬೇರೆಯವರ ಕಣ್ಣಿಗೂ ಬೀಳಲಿ ಅಂತ.

ಇನ್ನೊಂದು ಕಣ್ಣು ಸಿಸಿಟಿವಿ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕೆಂದು ಹೇಳಿತು. ಬಾಗಿಲಲ್ಲಿ, ಲಾಕಪ್‌ನಲ್ಲಿ, ಪಡಸಾಲೆಯಲ್ಲಿ, ಅಧಿಕಾರಿಯ ಕೋಣೆಯಲ್ಲಿ. ರಾತ್ರಿಯೂ ಕಾಣಬೇಕು, ಮಾತೂ ಕೇಳಬೇಕು. ದೃಶ್ಯ 18 ತಿಂಗಳು ಇರಬೇಕು, ಎಷ್ಟೇ ಕಡಿಮೆ ಅಂದರೂ ಒಂದು ವರ್ಷ. ಕರೆಂಟು, ಇಂಟರ್ನೆಟ್ ಇಲ್ಲದ ಕಡೆ ಸೋಲಾರ್, ಗಾಳಿ ವಿದ್ಯುತ್ ಏನಾದರೂ ಮಾಡಿ ಕೊಡಿ ಎಂದೂ ಹೇಳಿದರು. ದೆಹಲಿಯಲ್ಲಿ ಕೂತವರಿಗೆ ನಮ್ಮ ಪವರ್ ಕಟ್ ನೆನಪಿತ್ತು!

ಕ್ಯಾಮೆರಾ ಓಡುತ್ತಿದೆಯಾ ಅಂತ ನೋಡಲು ಜಿಲ್ಲಾ ಸಮಿತಿಯನ್ನೂ ಹೇಳಿದರು. ಅದರಲ್ಲಿ ಅಧಿಕಾರಿಗಳ ಜೊತೆ ಗ್ರಾಮೀಣ ಭಾಗಕ್ಕೆ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರಿಗೆ ಜಾಗ. ಜನ ಆರಿಸಿದ ಒಬ್ಬರಾದರೂ ಇರಲಿ ಎಂಬ ಲೆಕ್ಕ. ನಮ್ಮಲ್ಲಿ ಏನಾಯಿತು? 2016ರಲ್ಲಿ ಆರಿಸಿ ಬಂದ ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯವರ ಪರವಾಗಿ ಇದ್ದ ಒಂದೇ ಕುರ್ಚಿ ಖಾಲಿ. ಪಂಚಾಯ್ತಿ ಚುನಾವಣೆಗೂ ಲಾಕಪ್ಪಿಗೂ ಏನು ಸಂಬಂಧ ಅಂತ ಕೇಳುವವರಿಗೆ ಇದೇ ಸಂಬಂಧ.

ಪ್ರಾಧಿಕಾರ ತಾಲ್ಲೂಕಿಗೆ ಬರುವ ತನಕ ಕಾಯಬೇಕಾಗಿಲ್ಲ. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು, ಘಟನೆ ನಡೆದು ಒಂದು ವರ್ಷದ ಒಳಗೆ. ಬರೆಯಲು ವಕೀಲರು ಬೇಕಿದ್ದರೆ ನಿಮ್ಮ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ. ಫೋನ್ ನಂಬರು 15100.

ಆದರೆ ದೂರಿಗಿಂತ ಮೊದಲು ಇನ್ನೊಂದು ಪತ್ರ ಬರೆಯಿರಿ. 'ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ತನಕ ನನ್ನನ್ನು ಈ ಠಾಣೆಯಲ್ಲಿ ಕೂರಿಸಿದ್ದರು, ಆ ಹೊತ್ತಿನ ಸಿಸಿಟಿವಿ ದೃಶ್ಯ ಅಳಿಸದೆ ತೆಗೆದಿಡಿ' ಅಂತ. ಅದನ್ನು ಕೇಳುವ ಹಕ್ಕು ನಿಮಗಿದೆ ಎಂದು ಅದೇ 2020ರ ತೀರ್ಪು ಹೇಳುತ್ತದೆ. ಎಸ್‌ಪಿ ಹೆಸರಿಗೆ ಬರೆದು, ಒಂದು ಪ್ರತಿಯನ್ನು ದೂರು ಪ್ರಾಧಿಕಾರಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪೋಸ್ಟಾಫೀಸಿನ ರಸೀದಿಗೆ ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ. ಆ ರಸೀದಿಯ ಅಕ್ಷರ ಬೇಗ ಅಳಿಸಿಹೋಗುತ್ತದೆ.

ನಮಸ್ಕಾರ.