ಬಾಣಲೆ ಕೊಟ್ಟವರು, ಸಾಲಿನಲ್ಲಿ ನಿಂತವರು

ಅಧ್ಯಕ್ಷರೇ, ಗೆಳೆಯರೇ,

ಡನ್‌ಕರ್ಕ್, ಸ್ಟಾಲಿನ್‌ಗ್ರಾಡ್, ಹಿರೋಶಿಮಾ ಎಲ್ಲವನ್ನೂ ನೀವು ಓದಿಕೊಂಡವರು. ಇವತ್ತು ರಣರಂಗಕ್ಕೆ ಹೋಗುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ. ಎರಡನೆಯ ಮಹಾಯುದ್ಧ ಕಾಲದ ಬ್ರಿಟನ್ನಿನ ಮನೆಮಂದಿಯ ಮಾತು ಬಂದಾಗಲೆಲ್ಲ ಜನ ಗುಜರಿಗೆ ಪಾತ್ರೆ ಕೊಟ್ಟ ತ್ಯಾಗವನ್ನು ಹಾಡಿ ಹೊಗಳುತ್ತಾರೆ. ನನಗೆ ಅದರ ಮೇಲೊಂದು ಹಳೆಯ ತಕರಾರಿದೆ. ಆ ದೇಶದ ಮನೆಗಳನ್ನು ಕಾಪಾಡಿದ್ದು ಪಡಿತರದ ಪುಸ್ತಕ. ಪಾತ್ರೆಗೆ ಸಿಕ್ಕ ಹೆಸರು ಅದಕ್ಕೆ ಸಿಗಲಿಲ್ಲ.

ಮೊದಲು ಪಾತ್ರೆಯ ಕಥೆ. 1940ರ ಜುಲೈ 10. ಫ್ರಾನ್ಸ್ ಶರಣಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ವಿಮಾನ ತಯಾರಿಕೆಯ ಸಚಿವ ಲಾರ್ಡ್ ಬೀವರ್‌ಬ್ರೂಕ್ ಮೂಲತಃ ಪತ್ರಿಕೆಗಳ ಒಡೆಯ. ಯಾವ ಮಾತು ಮುಖಪುಟಕ್ಕೆ ಹೋಗುತ್ತದೆಂದು ಚೆನ್ನಾಗಿ ಬಲ್ಲವನು. ನಿಮ್ಮ ಅಲ್ಯೂಮಿನಿಯಂ ಕೊಡಿ, ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳನ್ನಾಗಿ ಮಾಡುತ್ತೇವೆ ಎಂದು ಗೃಹಿಣಿಯರನ್ನು ಕೇಳಿಕೊಂಡ. ಕೇಳಿದ್ದು ಬಾಣಲೆ, ಕೆಟಲ್‌ಗಳನ್ನು ಮಾತ್ರವಲ್ಲ. ಟೋಪಿ ತೂಗುಹಾಕುವ ಗೂಟ, ಕೋಟಿನ ಹ್ಯಾಂಗರ್, ಸಿಗರೇಟಿನ ಡಬ್ಬಿ, ಬಚ್ಚಲಿನ ಸಾಮಾನು, ಯಾವುದನ್ನೂ ಬಿಟ್ಟಿರಲಿಲ್ಲ. ಒಟ್ಟುಗೂಡಿಸುವ ಹೊಣೆ ಮಹಿಳಾ ಸ್ವಯಂಸೇವಾ ಸಂಘದ್ದು. ಅದರ ಮುಖ್ಯಸ್ಥೆ ಲೇಡಿ ರೀಡಿಂಗ್, ನಮ್ಮಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ರೀಡಿಂಗ್ ಅವರ ಎರಡನೆಯ ಪತ್ನಿ. ದೆಹಲಿಯಲ್ಲಿ ವೈಸರಾಯ್ ಸಿಬ್ಬಂದಿಯಲ್ಲಿ ಕೆಲಸ ಮಾಡಿದಾಕೆ.

ಹೆಂಗಸರು ಸಾಲುಗಟ್ಟಿ ತಂದು ಸುರಿದರು. ಆಗಷ್ಟೇ ಒಲೆಯ ಮೇಲಿಂದ ಇಳಿಸಿದಂಥ ಪಾತ್ರೆಗಳು, ಮಕ್ಕಳ ಆಟದ ಸೆಟ್ಟುಗಳು, ಬೆಟ್ಟದಷ್ಟು. ಆದರೆ ಪಕ್ಕದ ಬೀದಿಯ ಅಂಗಡಿಯಲ್ಲಿ ಹೊಚ್ಚ ಹೊಸ ಅಲ್ಯೂಮಿನಿಯಂ ಬಾಣಲೆಗಳು ಮಾರಾಟಕ್ಕೆ ತೂಗಾಡುತ್ತಿದ್ದವು! ಗುಜರಿ ವ್ಯಾಪಾರಿಗಳ ಅಂಗಳದಲ್ಲೂ ಲೋಹ ಬಿದ್ದಿತ್ತು. ಅವನ್ನು ಬಿಟ್ಟು ನಮ್ಮ ಒಲೆಗೇ ಏಕೆ ಕೈ ಹಾಕಿದಿರಿ ಎಂದು ಜನ ಆಗಲೇ ಕೇಳಿದರು. ವಿಮಾನಕ್ಕೆ ಬೇಕಾದ ಲೋಹದ ದರ್ಜೆಯೇ ಬೇರೆ. ಮರದ ಹಿಡಿ, ಕಬ್ಬಿಣದ ಮೊಳೆ ಸಮೇತ ಬಂದ ಬಾಣಲೆ ನೆಟ್ಟಗೆ ರೆಕ್ಕೆಯಾಗುವುದಿಲ್ಲ.

ಆಮೇಲೆ ಕಬ್ಬಿಣದ ಸರದಿ. ಉದ್ಯಾನಗಳ, ಮನೆಗಳ ಮುಂದಿನ ಕಂಬಿಬೇಲಿಗಳನ್ನು ಕೊಯ್ದು ಒಯ್ದರು. ಲಂಡನ್ನಿನ ಗೋಡೆಗಳ ಮೇಲೆ ಆ ಕಂಬಿಗಳ ಮೋಟುಗಳು ಇವತ್ತಿಗೂ ಕಾಣುತ್ತವೆ. ಯುದ್ಧ ಮುಗಿದ ಮೇಲೆ ದಕ್ಷಿಣ ಲಂಡನ್ನಿನ ಕೆಲವು ವಸತಿ ಸಮುಚ್ಚಯಗಳಿಗೆ ಬೇಲಿಯಾಗಿ ಬಂದದ್ದು ಬಾಂಬ್ ದಾಳಿಯ ಗಾಯಾಳುಗಳಿಗೆಂದು ಮಾಡಿಸಿದ್ದ ಉಕ್ಕಿನ ಸ್ಟ್ರೆಚರ್‌ಗಳು. ನೆಲಕ್ಕೆ ತಾಗದಂತೆ ಅವುಗಳ ಕೋಲನ್ನು ನಾಲ್ಕು ಕಡೆ ಬಗ್ಗಿಸಿದ್ದರು. ಆ ಡೊಂಕು ಬೇಲಿಯಲ್ಲೂ ಹಾಗೆಯೇ ಉಳಿದಿದೆ.

ಜನರ ಮನೋಬಲ ಹೆಚ್ಚಿತಲ್ಲ ಎನ್ನುತ್ತೀರಿ. ಹೆಚ್ಚಿತು, ಒಪ್ಪಿದೆ. ಒಂದು ದಿನದ ಉತ್ಸಾಹಕ್ಕೆ ಬಾಣಲೆ ಕೊಡಬಹುದು. ಹದಿನಾಲ್ಕು ವರ್ಷ ಬೆಣ್ಣೆ ತೂಗಿಸಿಕೊಳ್ಳಲು ಬೇರೇನೋ ಬೇಕು.

ಪಡಿತರ ಶುರುವಾದದ್ದು 1940ರ ಜನವರಿ 8ರಂದು: ಬೇಕನ್ ಎಂಬ ಉಪ್ಪು ಹಾಕಿದ ಹಂದಿಮಾಂಸ, ಬೆಣ್ಣೆ, ಸಕ್ಕರೆ. ಪ್ರತಿ ಮನೆಯೂ ಒಂದು ಅಂಗಡಿಯಲ್ಲಿ ಹೆಸರು ಬರೆಸಬೇಕು, ಥೇಟ್ ನಮ್ಮ ನ್ಯಾಯಬೆಲೆ ಅಂಗಡಿಯ ಕ್ರಮ. ಜುಲೈನಲ್ಲಿ ಚಹಾ ಸೇರಿತು: ತಲೆಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ನಮ್ಮ ಕೆಲವು ಕಚೇರಿಗಳಲ್ಲಿ ಅಷ್ಟು ಹನ್ನೊಂದು ಗಂಟೆಗೇ ಖಾಲಿಯಾದೀತು. ಮಾಂಸವನ್ನು ತೂಕದ ಮೇಲಲ್ಲ, ಬೆಲೆಯ ಮೇಲೆ ಹಂಚಿದರು: ಮೊದಲಿಗೆ ತಲೆಗೆ ವಾರಕ್ಕೆ ಒಂದು ಶಿಲ್ಲಿಂಗ್ ಹತ್ತು ಪೆನ್ಸ್. ಒಳ್ಳೆಯ ತುಂಡು ಬೇಕೆಂದರೆ ಸ್ವಲ್ಪ, ಅಗ್ಗದ್ದು ಸಾಕೆಂದರೆ ಹೆಚ್ಚು. ಸಸ್ಯಾಹಾರಿಗಳೇ, ಗಾಬರಿಯಾಗಬೇಡಿ, ಮಾಂಸದ ಪಾಲು ಬಿಟ್ಟುಕೊಟ್ಟವರಿಗೆ ಚೀಸ್ ಹೆಚ್ಚಿಗೆ ಸಿಗುತ್ತಿತ್ತು.

ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಹಸಿರು ಪುಸ್ತಕ. ಹಣ್ಣು ಬಂದರೆ ಮೊದಲ ಆಯ್ಕೆ ಅವರದು, ದಿನಕ್ಕೆ ಒಂದು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹಾಲು, ಮೊಟ್ಟೆ ಇಮ್ಮಡಿ. ರಾಜನ ಮನೆಗೂ ಪಡಿತರ ಪುಸ್ತಕ ಹೋಗಿತ್ತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯ ಉಡುಪಿಗೆಂದು ಹೆಂಗಸರು ತಮ್ಮ ಪಾಲಿನ ಪಡಿತರ ಬಟ್ಟೆಯ ಕೂಪನ್ ಕಳಿಸಿದಾಗ, ಒಬ್ಬರ ಕೂಪನ್ನನ್ನು ಇನ್ನೊಬ್ಬರು ಬಳಸುವಂತಿಲ್ಲ ಎಂದು ಅವನ್ನು ಮರಳಿಸಿದರು. ತೂತುಗಳಿರಲಿಲ್ಲವೇ? ಇದ್ದವು. ಕಾಳಸಂತೆಯಿತ್ತು. ಹೋಟೆಲಿನಲ್ಲಿ ಉಂಡರೆ ಪುಸ್ತಕಕ್ಕೆ ಲೆಕ್ಕವಿಲ್ಲ. 1942ರಲ್ಲಿ ಒಂದು ಊಟಕ್ಕೆ ಐದು ಶಿಲ್ಲಿಂಗ್ ಮಿತಿ ಹಾಕಿದರೂ ಹಣವಿದ್ದವರು ದಾರಿ ಹುಡುಕಿಕೊಂಡರು. ಆದರೂ ನೆರೆಯವಳ ಪಾಲೂ ನನ್ನ ಪಾಲೂ ಒಂದೇ ಎಂಬ ನಂಬಿಕೆ ಬಹುಮಟ್ಟಿಗೆ ಉಳಿಯಿತು. ಗೆದ್ದ ಮೇಲೆ, 1946ರಲ್ಲಿ, ಯುದ್ಧಕಾಲದಲ್ಲೂ ಇಲ್ಲದಿದ್ದ ಬ್ರೆಡ್ಡಿನ ಪಡಿತರ ಬಂತು. ಎಲ್ಲವೂ ಮುಗಿದದ್ದು 1954ರ ಜುಲೈ 4ರಂದು, ಮಾಂಸದೊಂದಿಗೆ.

ಸಮಯವಾಯಿತೆಂಬ ಚೀಟಿ ಬಂದಿದೆ, ಅಧ್ಯಕ್ಷರೇ, ನೋಡಿದೆ. ಯುದ್ಧಕ್ಕೆಂದು ಅಮೆರಿಕ ಸಂಗ್ರಹಿಸಿದ ರಬ್ಬರ್, ಜಪಾನ್ ಲೋಹಕ್ಕಾಗಿ ಒಯ್ದ ದೇಗುಲಗಳ ಗಂಟೆ ಎರಡರ ಕಥೆಯನ್ನೂ ಬಿಡುತ್ತೇನೆ. ಬಂಗಾಳವನ್ನು ಬಿಡಲಾರೆ.

ಅದೇ ಸಾಮ್ರಾಜ್ಯ, ಅದೇ ಯುದ್ಧ. 1942ರಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಬಂಗಾಳದ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಯುವ ದೋಣಿಗಳನ್ನು ವಶಪಡಿಸಿಕೊಂಡರು. ಅದು ಕೇಳಿ ಪಡೆದ ಬಾಣಲೆಯಲ್ಲ, ಮೀನುಗಾರನ ಹೊಟ್ಟೆಪಾಡು. ಪಡಿತರ ನಡೆಸುವುದು ಹೇಗೆಂದು ಲಂಡನ್ನಿಗೆ ಆ ವೇಳೆಗೆ ಕರಗತವಾಗಿತ್ತು. ಮುಂಬೈಗೆ ಪಡಿತರ ಬಂದದ್ದು 1943ರಲ್ಲಿ. ಆ ವರ್ಷದ ಆಹಾರಧಾನ್ಯ ನೀತಿ ಸಮಿತಿ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಪಡಿತರ ಬೇಕೆಂದಿತು. ಕಲ್ಕತ್ತೆಗೆ ಬರುವಾಗ 1944ರ ಜನವರಿ. ಅಷ್ಟರಲ್ಲಿ ಬಂಗಾಳದ ಹಳ್ಳಿಗಳು ಬರಿದಾಗಿದ್ದವು. ಕ್ಷಾಮಕ್ಕೆ ಬಲಿಯಾದವರ ಅಂದಾಜು 15ರಿಂದ 30 ಲಕ್ಷ. ನಗರದ ಕಾರ್ಖಾನೆಯ ಕೂಲಿಗಾರನಿಗೆ ಅಕ್ಕಿ ಮೀಸಲಿಟ್ಟವರು, ಅದನ್ನು ಬೆಳೆದವನ ಹೆಸರನ್ನು ಯಾವ ಅಂಗಡಿಯಲ್ಲೂ ಬರೆಸಿಕೊಂಡಿರಲಿಲ್ಲ. ನನ್ನ ತಕರಾರು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.